ಅಲ್ಲ ಎಂದರೆ ಅದೇ ಪುರಾವೆಯಂತೆ!



ಹೋದ ತಿಂಗಳು ನನ್ನ ಅಣ್ಣನ ಮಗ ಒಂದು ಕರಪತ್ರ ತಂದುಕೊಟ್ಟ. ಒಂದು ಸಮುದಾಯದವರು ಒಳಗೊಳಗೇ ಸಂಚು ನಡೆಸಿದ್ದಾರೆಂದು ಅದರಲ್ಲಿ ಬರೆದಿತ್ತು. ‘ಪುರಾವೆ ಏನಪ್ಪಾ?’ ಎಂದೆ. ‘ಪುರಾವೆ ಸಿಗದಂಗ ಮಾಡ್ತಾರ ಕಾಕಾ, ಅದ ಅವರ ಶಾಣ್ಯಾತನ’ ಅಂದ. ಎಂಜಿನಿಯರಿಂಗ್ ಓದಿದ ಹುಡುಗ! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ಈ ವಾದ ಹಳೆಯದು, ಅದು ಎಲ್ಲಿಗೆ ಮುಟ್ಟಿತ್ತು ಎಂಬುದನ್ನು ಓದಿದ್ದೆ.

1903ರಲ್ಲಿ ರಷ್ಯಾದ ಪತ್ರಿಕೆಯೊಂದು ಒಂದು ಬರಹವನ್ನು ಕಂತುಕಂತಾಗಿ ಪ್ರಕಟಿಸಿತು. ಜಗತ್ತನ್ನು ವಶಮಾಡಿಕೊಳ್ಳಲು ಯಹೂದಿ ಹಿರಿಯರು ಗುಟ್ಟಾಗಿ ಮಾಡಿದ ಯೋಜನೆ ಇದೆಂದು ಹೇಳಿತು. ‘ಪ್ರೋಟೋಕಾಲ್ಸ್’ ಎಂದು ಕುಖ್ಯಾತವಾದದ್ದು ಇದೇ. 1921ರಲ್ಲಿ ಲಂಡನ್ನಿನ ‘ಟೈಮ್ಸ್’ ವರದಿಗಾರ ಫಿಲಿಪ್ ಗ್ರೇವ್ಸ್ ಇದರ ಬಣ್ಣ ಬಯಲು ಮಾಡಿದ. 1864ರಲ್ಲಿ ಮೋರಿಸ್ ಜೋಲಿ ಎಂಬ ಫ್ರೆಂಚ್ ವಕೀಲ ಮೂರನೆಯ ನೆಪೋಲಿಯನ್ನನ ಆಳ್ವಿಕೆಯನ್ನು ಅಣಕಿಸಿ ಪುಸ್ತಕ ಬರೆದಿದ್ದ. ಅದರಲ್ಲಿ ಯಹೂದಿ ಸಂಚಿನ ಸುದ್ದಿಯೇ ಇಲ್ಲ. ಆ ಸಾಲುಗಳನ್ನೇ ಕದ್ದು ಯಹೂದಿಗಳ ಬಾಯಿಗೆ ತುರುಕಿದ್ದರು. ಗ್ರೇವ್ಸ್ ಎರಡನ್ನೂ ಹೋಲಿಸಿ ತೋರಿಸಿದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಿಟ್ಲರ್ ತನ್ನ ‘ಮೈನ್ ಕಾಂಪ್ಫ್’ನಲ್ಲಿ ಏನು ವಾದಿಸಿದ ಗೊತ್ತೇ? ‘ಫ್ರಾಂಕ್‌ಫುರ್ಟರ್ ಸೈಟುಂಗ್’ ಪತ್ರಿಕೆ ಇದು ಖೊಟ್ಟಿ ಎಂದು ಮತ್ತೆ ಮತ್ತೆ ಗೋಳಿಡುವುದೇ ಇದು ನಿಜವೆನ್ನಲು ಒಳ್ಳೆಯ ಪುರಾವೆಯಂತೆ! ಬರೆದವರು ಯಾರಾದರೇನು ಎಂದೂ ಸೇರಿಸಿದ. ಅಂದರೆ ಸುಮ್ಮನಿದ್ದರೆ ಒಪ್ಪಿದಂತೆ, ಅಲ್ಲ ಎಂದರೆ ಸಿಕ್ಕಿಬಿದ್ದಂತೆ. ಯಾವ ಸಾಕ್ಷಿ ಬಂದರೂ ಸುಳ್ಳಾಗದ ಹಾಗೆ ಕಟ್ಟಿದ ಮಾತಿಗೆ ಸಾಕ್ಷಿಯ ಗೊಡವೆಯೇ ಇಲ್ಲ. ಅಂಥದ್ದನ್ನು ಯಾರ ಮೇಲೆ ಬೇಕಾದರೂ ಹೊರಿಸಬಹುದು.

ಮುಂದೆ 60 ಲಕ್ಷ ಯಹೂದಿಗಳ ಕೊಲೆಯಾಯಿತು. ಈ ಒಂದು ಪುಸ್ತಕದಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನಾನೂ ಕರಪತ್ರ ಬರೆದಂತಾದೀತು. ಆದರೆ ಕೊಂದವರ ಕೈಯಲ್ಲಿ ಇದೂ ಒಂದು ಆಯುಧವಾಗಿತ್ತು.

ಮರುದಿನ ಹುಡುಗನನ್ನು ಕರೆದು, ‘ನಿನ್ನ ಹಾಸ್ಟೆಲಿನ್ಯಾಗ ಕಳುವಾದ ಮೊಬೈಲ್ ನೀನ ಕದ್ದಿ’ ಎಂದೆ. ‘ನಾ ಅಲ್ಲ ಕಾಕಾ!’ ಅಂದ. ‘ನೋಡು, ಇಲ್ಲ ಅಂದಿ. ಅಂದಮ್ಯಾಲ ಖರೇನ ನೀನ’ ಎಂದೆ. ಮೊದಲು ನಕ್ಕ, ಆಮೇಲೆ ಸುಮ್ಮನಾದ. ಸ್ವಲ್ಪ ಹೊತ್ತು ಬಿಟ್ಟು ಕರಪತ್ರವನ್ನು ಹಿಂದೆಮುಂದೆ ತಿರುವಿದ. ಬರೆದವರ ಹೆಸರಿಲ್ಲ, ಅಚ್ಚು ಹಾಕಿದವರ ಹೆಸರೂ ಇಲ್ಲ. ‘ಕೊಟ್ಟವನ್ನ ಕೇಳಿ ಬರ್ತೀನಿ’ ಎಂದು ಹೋಗಿದ್ದಾನೆ.