ಇದ್ದ ಕಡೆ ಇರೋಣ
(ಗುಮಟಾಪುರದಲ್ಲಿ ಸೇರಿದ ಕೆಲಸಗಾರರ ಕೂಟದಲ್ಲಿ ಮಾಡಿದ ಭಾಷಣ)



ಬುದ್ಧಿ ಹೇಳುವುದಕ್ಕೆ ಮುಂಚೆ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಮಗಳನ್ನು ತಿರುಪ್ಪೂರಿನ ಕಡೆಗೆ ಬನಿಯನ್ ಕಂಪನಿಯ ಕೆಲಸಕ್ಕೆ ಕಳಿಸುವ ಮಾತು ನಡೆದಿತ್ತು. ಒಂದು ರಾತ್ರಿ ಅವಳು ಮುದ್ದೆ ಬಡಿಸುತ್ತಾ, "ಅಪ್ಪ, ನನಗೆ ಅಲ್ಲಿಗೆ ಹೋಗೋಕೆ ಮನಸ್ಸಿಲ್ಲ" ಎಂದಳು. ನನ್ನ ಎಡಗೈಯಲ್ಲಿ ಫೋನ್ ಇತ್ತು. ಸಂಘದ ಚಂದಾ ಲೆಕ್ಕ ಯಾರೋ ಕೇಳಿದ್ದರು, ಅದನ್ನು ನೋಡುತ್ತಿದ್ದೆ. "ಹೂಂ" ಎಂದೆ. ಅವಳು ಎರಡನೇ ಸಲ ಹೇಳಲಿಲ್ಲ. ಹೋದಳು. ಎಂಟು ತಿಂಗಳಾದ ಮೇಲೆ ಅರ್ಧ ಮೈಯಾಗಿ ಮನೆಗೆ ಬಂದಳು. "ಮೊದಲೇ ಹೇಳಬಾರದಿತ್ತೇನವ್ವ?" ಎಂದು ಕೇಳಿದೆ. "ಹೇಳಿದ್ನಲ್ಲಪ್ಪ, ನೀನು ಹೂಂ ಅಂದೆ" ಎಂದಳು.

ಊರಿನವರ ಕಷ್ಟ ಕೇಳುವುದಕ್ಕೆ ಮನೆಮನೆಗೆ ಹೋಗುವ ಉಪದೇಶಿ ನಾನು. ಕೂಲಿಯವರ ಮಾತನ್ನು ಧಣಿಗಳು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಸಂಘದ ಸಭೆಯಲ್ಲಿ ದೂರುವವನೂ ನಾನೇ. ಆ ರಾತ್ರಿ ನನ್ನ ಮನೆಯಲ್ಲಿ ನಾನು ಇದ್ದೆ, ಆದರೂ ಇರಲಿಲ್ಲ.

ಸಹೋದರರೇ, ನಮ್ಮ ಹೊತ್ತು ನಮಗೆ ಪುಕ್ಕಟೆಯಾಗಿ ಬಂದದ್ದಲ್ಲ. ಎಂಟು ಗಂಟೆ ಕೆಲಸ ಸಾಕು ಎಂದು 1886ರ ಮೇ ತಿಂಗಳಲ್ಲಿ ಚಿಕಾಗೋ ಕೆಲಸಗಾರರು ಬೀದಿಗೆ ಇಳಿದರು. ಅದಕ್ಕಾಗಿ ಪ್ರಾಣ ಹೋದವರಿದ್ದಾರೆ. 1923ರ ಮೇ 1ರಂದು ಮದ್ರಾಸಿನಲ್ಲಿ ಸಿಂಗಾರವೇಲರು ನಮ್ಮ ದೇಶದ ಮೊದಲ ಮೇ ದಿನವನ್ನು ನಡೆಸಿದರು. 1948ರ ಕಾರ್ಖಾನೆ ಕಾಯ್ದೆಯು ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಹಾಕಿತು. 2023ರ ಏಪ್ರಿಲ್‌ನಲ್ಲಿ ದಿನಕ್ಕೆ 12 ಗಂಟೆ ಕೆಲಸಕ್ಕೆ ದಾರಿ ಬಿಡುವ ತಿದ್ದುಪಡಿಯನ್ನು ತಮಿಳುನಾಡು ವಿಧಾನಸಭೆಯಲ್ಲಿ ಪಾಸು ಮಾಡಿದರು. ಸಂಘಗಳೆಲ್ಲ ವಿರೋಧಿಸಿದ ಮೇಲೆ, ಅದೇ ವರ್ಷ ಮೇ ದಿನದಂದು ಅದನ್ನು ಹಿಂದಕ್ಕೆ ತೆಗೆದುಕೊಂಡೆವೆಂದು ಸರ್ಕಾರ ಸಾರಿತು. ಇಷ್ಟು ಹೋರಾಡಿ ಉಳಿಸಿಕೊಂಡ ಹೊತ್ತನ್ನು ನಾವು ಮನೆಗೆ ತಂದು ಏನು ಮಾಡುತ್ತಿದ್ದೇವೆ? ಧಣಿಯ ಕೈಯಿಂದ ಬಿಡಿಸಿಕೊಂಡ ಗಂಟೆಯನ್ನು ಕೆಲವರು ಬಾಟಲಿಗೆ ಕೊಡುತ್ತಾರೆ, ಕೆಲವರು ಫೋನಿಗೆ ಕೊಡುತ್ತಾರೆ, ನನ್ನಂಥವರು ಸಭೆ-ಸಂಘದ ಹೆಸರಿನಲ್ಲಿ ಕಳೆಯುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. "ಮನಸ್ಸಿಟ್ಟು ಬಾಳು" ಎಂಬ ಮಾತನ್ನು ಬಡವನ ಬಾಯಿ ಮುಚ್ಚಿಸುವುದಕ್ಕೂ ಬಳಸುತ್ತಾರೆ. ಹಗಲೆಲ್ಲ ಅರಿಸಿನದ ಹೊಲದಲ್ಲಿ ಬಾಗಿ, ರಾತ್ರಿ ಆನೆ ಬರದಂತೆ ಅಟ್ಟಣೆಯ ಮೇಲೆ ಕುಳಿತು ಫಸಲು ಕಾಯುವವನಿಗೆ ನಿದ್ದೆಯೇ ಇಲ್ಲ. ಅವನಿಗೆ ಮನಸ್ಸಿನ ಪಾಠ ಹೇಳುವುದು ಅನ್ಯಾಯ. ಅವನಿಗೆ ಮೊದಲು ವಿಶ್ರಾಂತಿ ಬೇಕು, ನ್ಯಾಯವಾದ ಕೂಲಿ ಬೇಕು. ಅದಕ್ಕೇ ಸಂಘ ಇರುವುದು. ಆದರೆ ಸಂಘವು ಹೊತ್ತನ್ನು ಗಳಿಸಿಕೊಡಬಹುದೇ ಹೊರತು, ನಮ್ಮ ಪರವಾಗಿ ಮನೆಯಲ್ಲಿ ಕೂತು ಮಕ್ಕಳ ಮಾತು ಕೇಳಲಾರದು.

ಸತ್ಯಮಂಗಲದಿಂದ ಮೇಲಕ್ಕೆ ಬರುವಾಗ ದಿಂಬಂ ಘಾಟಿಯಲ್ಲಿ 27 ತಿರುವುಗಳಿವೆ. ಬಸ್ಸಿನ ಹಣೆಯ ಮೇಲೆ ತಾಳವಾಡಿ ಎಂದು ಬೋರ್ಡು ಇರುತ್ತದೆ. ಎಲ್ಲಿಗೆ ಹೋಗಬೇಕೆಂಬುದು ಹೊರಡುವಾಗಲೇ ತೀರ್ಮಾನವಾಗಿದೆ. ಆದರೆ ಡ್ರೈವರು ಒಂಬತ್ತನೇ ತಿರುವಿನಲ್ಲಿ ಇಪ್ಪತ್ತನೆಯದನ್ನು ಯೋಚಿಸುವುದಿಲ್ಲ. ಕಣ್ಣು, ಕೈ, ಕಾಲು ಎಲ್ಲವೂ ಒಂಬತ್ತರಲ್ಲೇ. ಬಾಳಿಗೂ ಇವೆರಡೂ ಬೇಕು. ಬೋರ್ಡಿಲ್ಲದ ಬಸ್ಸು ಎಲ್ಲಿಗೋ ಹೋಗುತ್ತದೆ. ತಿರುವಿನ ಮೇಲೆ ಗಮನವಿಲ್ಲದ ಬಸ್ಸು ಎಲ್ಲಿಗೂ ತಲುಪುವುದಿಲ್ಲ.

ನಮ್ಮ ಊರಿನ ಗೊರೆಹಬ್ಬವನ್ನು ನೋಡಿ. ಬಲಿಪಾಡ್ಯಮಿಯ ಮರುದಿನ ಬೀರೇಶ್ವರನ ಗುಡಿಯ ಹಿಂದೆ ಸಗಣಿ ರಾಶಿ ಬೀಳುತ್ತದೆ. ದನ ಸಾಕಿದ ಮನೆಗಳಿಂದೆಲ್ಲ ತಂದು ಸುರಿಯುತ್ತಾರೆ. ಆಮೇಲೆ ಒಬ್ಬರ ಮೇಲೊಬ್ಬರು ಎರಚಿಕೊಂಡು ನಗುತ್ತಾರೆ. ಅದು ನಮ್ಮ ಸಭೆಯ ಹಬ್ಬವಲ್ಲ, ನೆರೆಯವರ ಹಬ್ಬ. ಆದರೂ ನಾನು ಬೇಲಿಯ ಪಕ್ಕದಲ್ಲಿ ನಿಂತು ಕಲಿತದ್ದುಂಟು. ದೂರದ ಊರುಗಳಲ್ಲಿ ದುಡಿಯುವ ಹುಡುಗರು ಆ ದಿನಕ್ಕೆಂದೇ ರಜೆ ಕೇಳಿ ಬರುತ್ತಾರೆ, ಅದು ತೀರ್ಮಾನ. ರಾಶಿಯೊಳಗೆ ಇಳಿದ ಮೇಲೆ ಸಾಲದವನ ಮುಖವಾಗಲಿ ಮೇಸ್ತ್ರಿಯ ಮಾತಾಗಲಿ ಅವರಿಗೆ ನೆನಪಿರುವುದಿಲ್ಲ; ಎದುರಿಗಿರುವ ಗೆಳೆಯ ಮಾತ್ರ ಇರುತ್ತಾನೆ. ಸಗಣಿ ಮೆತ್ತಿದ ಕೈಗೆ ಫೋನ್ ಒಗ್ಗದು. ವರ್ಷಕ್ಕೊಂದು ದಿನ ಆಗುವುದಾದರೆ, ದಿನಕ್ಕೊಂದು ಗಂಟೆ ಏಕೆ ಆಗಬಾರದು?

ಮಾರ್ಥ ಮರಿಯರ ಕಥೆ ನಮಗೆಲ್ಲ ಗೊತ್ತು. ಅಡಿಗೆ ಮಾಡುವವಳನ್ನು ಕೀಳು ಮಾಡುವುದಕ್ಕೆ ಆ ಕಥೆಯನ್ನು ಹೇಳುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಒಲೆಯ ಕೆಲಸ ತಪ್ಪಲ್ಲ. ಬಂದ ಅತಿಥಿ ಎದುರಿಗೇ ಇರುವಾಗ ಮನಸ್ಸು ನೂರು ಕಡೆ ಚದರಿದ್ದು ಅವಳ ತೊಂದರೆ. ಅದೇ ನನ್ನ ತೊಂದರೆಯೂ ಆಗಿತ್ತು.

ಆದ್ದರಿಂದ ನಾನು ನನಗೆ ಹಾಕಿಕೊಂಡ ಎರಡು ಕಟ್ಟಳೆಗಳನ್ನು ಹೇಳುತ್ತೇನೆ, ಬೇಕಾದವರು ಇಟ್ಟುಕೊಳ್ಳಿ. ಊಟದ ಹೊತ್ತಿನಲ್ಲಿ ಫೋನನ್ನು ಗೋಡೆಯ ಗೂಡಿನಲ್ಲಿ ಇಡುತ್ತೇನೆ, ಸಂಘದ ಕರೆಯಾದರೂ ಸರಿಯೇ. ಬೆಳಿಗ್ಗೆ ಮನೆ ಬಿಡುವ ಮುಂಚೆ, ಇಂದು ಯಾರ ಮಾತನ್ನು ಪೂರ್ತಿ ಕೇಳಬೇಕು ಎಂದು ಒಬ್ಬರ ಹೆಸರನ್ನು ನೆನೆದು ಪ್ರಾರ್ಥಿಸುತ್ತೇನೆ. ಸಂಜೆ ಅದರ ಲೆಕ್ಕ ನೋಡುತ್ತೇನೆ. ಎಷ್ಟೋ ಸಂಜೆ ಲೆಕ್ಕ ತಪ್ಪಿರುತ್ತದೆ.

ಮಗಳು ಈಗ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಏನಾದರೂ ಹೇಳುವ ಮುಂಚೆ ನನ್ನ ಮುಖ ನೋಡಿ, "ಕೇಳ್ತಾ ಇದ್ದೀಯೇನಪ್ಪ?" ಎನ್ನುತ್ತಾಳೆ. ಅವಳು ಆ ಪ್ರಶ್ನೆ ಕೇಳುವುದನ್ನು ಬಿಡುವ ದಿನಕ್ಕಾಗಿ ನಾನು ಕಾಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಆ ಪ್ರಶ್ನೆ ಹುಟ್ಟದಂತೆ ನೋಡಿಕೊಳ್ಳಿ.