ಮಳೆ ನಕ್ಷತ್ರಗಳೂ ತೋಟದ ದೀಪಗಳೂ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಬಿತ್ತನೆಯ ಮಾತೆತ್ತಿದರೆ ಇಂದಿಗೂ ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳ ಹೆಸರೇ ಬಾಯಿಗೆ ಬರುತ್ತದೆ. ಆದರೆ ಆಕಾಶದಲ್ಲಿ ಕೃತ್ತಿಕೆಯನ್ನು ಬೆರಳಿಟ್ಟು ತೋರಿಸಬಲ್ಲ ಹುಡುಗರು ಊರಿಗೆ ಎಷ್ಟು ಮಂದಿ ಸಿಕ್ಕಾರು?

ಕೃತ್ತಿಕೆ ಮಳೆಯ ದಿನಗಳಲ್ಲಿ, ಅಂದರೆ ಮೇ ತಿಂಗಳ ನಡುವೆ, ಕೃತ್ತಿಕೆ ಕಾಣುವುದಿಲ್ಲ. ಸೂರ್ಯನು 27 ನಕ್ಷತ್ರಗಳ ದಾರಿಯನ್ನು ವರ್ಷಕ್ಕೊಮ್ಮೆ ಸುತ್ತುವಂತೆ ತೋರುವುದರಿಂದ ಒಂದೊಂದರಲ್ಲಿ 13-14 ದಿನ ಇರುತ್ತಾನೆ. ಅವನಿರುವ ನಕ್ಷತ್ರದ ಹೆಸರೇ ಮಳೆಯ ಹೆಸರು. ಅದು ಅವನೊಡನೆ ಹುಟ್ಟಿ ಅವನೊಡನೆ ಮುಳುಗುತ್ತದೆ. ನವೆಂಬರಿನಲ್ಲಿ, ರಾಗಿ ಕೊಯ್ಲಿನ ಹೊತ್ತಿಗೆ, ಅದೇ ಕೃತ್ತಿಕೆ ಸಂಜೆ ಪೂರ್ವದಲ್ಲಿ ಮೂಡಿ ಇರುಳೆಲ್ಲ ಕಾಣುತ್ತದೆ. ಹಿಂದೆಯೇ ರೋಹಿಣಿ, ಮೃಗಶಿರ, ಕೆಂಪಗಿನ ಆರಿದ್ರೆ. ಕಣ ಕಾಯುತ್ತಿದ್ದ ಹಿರಿಯರು ಇವು ನೆತ್ತಿಗೆ ಬಂದುದನ್ನು ನೋಡಿ ಹೊತ್ತು ಹೇಳುತ್ತಿದ್ದರು. ನಕ್ಷತ್ರ ಮಳೆ ತರುವುದಿಲ್ಲ, ನಿಜ. ಕಾಲದ ಗುರುತಾಗಿ ಮಾತ್ರ ಅದಕ್ಕೆ ಬೆಲೆ.

ಈಗ ಪಂಪ್‌ಸೆಟ್ ಮನೆಗೂ ತೋಟದ ಮನೆಯ ಮೂಲೆಗೂ ಮರೆಯಿಲ್ಲದ ಬಿಳಿ ಎಲ್‌ಇಡಿ ದೀಪಗಳು ಬಂದಿವೆ. ಮೇಲಕ್ಕೆ ಹೋದ ಬೆಳಕು ಗಾಳಿಯಲ್ಲಿ ಚದುರಿ ಆಕಾಶಕ್ಕೆ ತೆರೆ ಎಳೆಯುತ್ತದೆ. ನೀಲಿ ಅಂಶ ಹೆಚ್ಚಿದ್ದಷ್ಟೂ ಚದುರುವುದೂ ಹೆಚ್ಚು.

ತೆಂಗಿಗೂ ಇದರ ಸಂಬಂಧವಿದೆ. ಸುಳಿ ಕೊರೆಯುವ ಕುರುವಾಯಿ ದುಂಬಿ ರಾತ್ರಿ ಹಾರಿ ಬೆಳಕಿಗೆ ಬರುತ್ತದೆ. ಬೆಳಕಿನ ಬಲೆಯಲ್ಲಾದರೆ ಅದು ಸಿಕ್ಕಿ ಸಾಯುತ್ತದೆ. ತಿಪ್ಪೆಗುಂಡಿಯ ಪಕ್ಕದ ಬರಿಯ ದೀಪ ಅದನ್ನು ಕರೆಯುತ್ತದೆ, ಕೊಲ್ಲುವುದಿಲ್ಲ. ಮೊಟ್ಟೆಯಿಡಲು ಗೊಬ್ಬರವೂ ಅಲ್ಲೇ ಸಿದ್ಧ!

ಹಾವು, ಚಿರತೆಯ ಭಯವಿರುವಲ್ಲಿ ದೀಪ ಬೇಡವೆನ್ನುವುದು ಸಲ್ಲದು. ಬೇಕಾದ್ದು ಮರೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹದ ಮೂಲಕ. ಅಲ್ಲಿನ ಕತ್ತಲನ್ನು ಉಳಿಸಲು 2022ರಲ್ಲಿ ಆ ಪ್ರದೇಶವನ್ನು ಕತ್ತಲಾಕಾಶದ ರಕ್ಷಿತ ತಾಣವೆಂದು ಘೋಷಿಸಲಾಯಿತು. ಹಳ್ಳಿಯವರು ಊರು ಬಿಡಲಿಲ್ಲ. ದೀಪಗಳಿಗೆ ಮರೆ, ಕಿಟಕಿಗಳಿಗೆ ಪರದೆ ಬಂದವು. ಇಲ್ಲಿಯೂ ತಗಡಿನ ಟೋಪಿ ಹಾಕಿ ಬೆಳಕನ್ನು ನೆಲಕ್ಕೆ ತಿರುಗಿಸಬಹುದು. ಕಡಿಮೆ ವ್ಯಾಟಿನ ಹಳದಿ ಬಲ್ಬು ಸಾಕು. ಕೆಲಸ ಮುಗಿದ ಮೇಲೆ ಆರಿಸಿದರೆ ಕರೆಂಟೂ ಉಳಿಯುತ್ತದೆ.

ಕಾರ್ತಿಕದಲ್ಲಿ, ಅಮಾವಾಸ್ಯೆಯ ಆಸುಪಾಸಿನಲ್ಲಿ, ದೀಪ ಆರಿಸಿ ಅರ್ಧ ಗಂಟೆ ಕಣ್ಣು ಪಳಗಲು ಬಿಡಿ. ಕೃತ್ತಿಕೆಯ ಗೊಂಚಲಿನಲ್ಲಿ ಮಕ್ಕಳು ಆರು ಚುಕ್ಕೆ ಎಣಿಸಿದರೆ ನಿಮ್ಮ ತೋಟದ ಆಕಾಶ ಇನ್ನೂ ಚೆನ್ನಾಗಿದೆ. ಮಸುಕು ಮಚ್ಚೆ ಮಾತ್ರ ಕಂಡರೆ ಸುತ್ತಲ ದೀಪಗಳತ್ತ ಒಮ್ಮೆ ನೋಡಿ.