ಕಷ್ಟಕಾಲದ ಊರೆಗೋಲು

“ಸಂಕಟ ಬಂದಾಗ ವೆಂಕಟರಮಣ” ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಹಾಸ್ಯಕ್ಕೆಂದೇ ಆಡುತ್ತೇವೆ. ಸುಖದಲ್ಲಿ ದೇವರನ್ನು ಮರೆತು, ಕಷ್ಟ ಬಂದೊಡನೆ ಅವನ ಬಾಗಿಲನ್ನು ಬಡಿಯುವ ಮನುಷ್ಯನನ್ನು ಅದು ಅಣಕಿಸುತ್ತದೆ. ಆದರೆ ಆ ಅಣಕದ ಹಿಂದೆ ಗಂಭೀರವಾದ ಪ್ರಶ್ನೆಯೊಂದು ಅಡಗಿದೆ. ಹಾಗೆ ಬಡಿದವನಿಗೆ ದೊರೆಯುವುದೇನು? ಬಂದ ಕಷ್ಟವು ನೀಗುತ್ತದೆಯೆ? ನೀಗದಿದ್ದರೆ ನಂಬಿಕೆಯಿಂದ ಪ್ರಯೋಜನವೇನು? ಇದನ್ನು ಬರಿಯ ತರ್ಕದಿಂದ ಬಿಡಿಸಹೊರಡುವುದಕ್ಕಿಂತ, ಒಂದು ಜೀವನವನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಲೇಸು. ಕ್ರೈಸ್ತಧರ್ಮವನ್ನು ತಾವಾಗಿ ಆರಿಸಿಕೊಂಡು, ಒಂದರ ಮೇಲೊಂದರಂತೆ ಬಂದ ದುಃಖಗಳಲ್ಲಿ ಅದನ್ನೇ ಊರೆಗೋಲಾಗಿ ಹಿಡಿದು ನಡೆದ ಪಂಡಿತಾ ರಮಾಬಾಯಿಯವರ ಜೀವನವನ್ನು ಈ ಹೊತ್ತು ಶ್ರೋತೃಗಳ ಮುಂದೆ ಇಡಬೇಕೆಂದಿದ್ದೇನೆ.

ರಮಾಬಾಯಿಯವರ ಕಾರ್ಯಕ್ಷೇತ್ರ ಮಹಾರಾಷ್ಟ್ರವಾದರೂ ಅವರು ಹುಟ್ಟಿದುದು ನಮ್ಮ ನಾಡಿನಲ್ಲಿಯೇ. 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಗಸರಿಗೆ ಸಂಸ್ಕೃತವನ್ನು ಕಲಿಸಕೂಡದೆಂಬ ಆಕ್ಷೇಪವನ್ನು ಲೆಕ್ಕಿಸದೆ ಅವರು ಪತ್ನಿ ಲಕ್ಷ್ಮೀಬಾಯಿಯವರಿಗೆ ವಿದ್ಯೆ ಹೇಳಿದರು. ಆ ತಾಯಿ ಅದನ್ನು ಮಗಳಿಗೆ ಧಾರೆಯೆರೆದರು. ಮುಂದೆ ಈ ಕುಟುಂಬವು ಊರೂರಿಗೆ ತೀರ್ಥಯಾತ್ರೆ ಮಾಡುತ್ತ, ಪುರಾಣಪ್ರವಚನದಿಂದ ಜೀವಿಸುತ್ತಿದ್ದಿತು. 1870ರ ದಶಕದ ಕ್ಷಾಮಕಾಲದಲ್ಲಿ ಇದ್ದುದೆಲ್ಲ ಕರಗಿತು. ಸೊಪ್ಪುಸದೆ, ಕಾಡಿನ ಹಣ್ಣುಗಳಿಂದ ಹೊಟ್ಟೆ ತುಂಬಿಸಿಕೊಳ್ಳುವ ದಿನಗಳು ಬಂದವು. ತಂದೆ ತೀರಿಕೊಂಡರು; ಬಳಿಕ ತಾಯಿ; ಆ ಮೇಲೆ ಅಕ್ಕ. ಉಳಿದ ಅಣ್ಣ ಶ್ರೀನಿವಾಸನೂ ತಂಗಿ ರಮೆಯೂ ಸಾವಿರಾರು ಮೈಲಿ ಕಾಲುನಡಿಗೆಯಲ್ಲಿ ಅಲೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿನ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ “ಪಂಡಿತಾ”, “ಸರಸ್ವತಿ” ಎಂಬ ಬಿರುದುಗಳನ್ನಿತ್ತರು.

ಮಾನ ದೊರೆಯಿತು, ಆದರೆ ದುಃಖವು ಬೆನ್ನು ಬಿಡಲಿಲ್ಲ. 1880ರಲ್ಲಿ ಅಣ್ಣನು ಕಾಲವಾದನು. ಅದೇ ವರುಷ ಅವರು ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿಯ ಕಟ್ಟು ಮೀರಿ ಮದುವೆಯಾದರು. ಮರುವರುಷ ಮನೋರಮೆ ಎಂಬ ಮಗಳು ಹುಟ್ಟಿದಳು. ಮದುವೆಯಾಗಿ ಎರಡು ವರುಷ ತುಂಬುವ ಮೊದಲೇ, 1882ರಲ್ಲಿ, ಪತಿಯು ಕಾಲರಾ ರೋಗಕ್ಕೆ ತುತ್ತಾದರು. ಇಪ್ಪತ್ತನಾಲ್ಕು ವರುಷವೂ ತುಂಬದ ವಿಧವೆ, ಕಂಕುಳಲ್ಲಿ ಕೂಸು, ತೌರುಮನೆಯೆಂದು ಹೇಳಿಕೊಳ್ಳಲು ಯಾರೂ ಇಲ್ಲ. ವ್ರತದಾನಗಳನ್ನು ಶಕ್ತಿ ಮೀರಿ ನಡೆಸಿದ ತಂದೆತಾಯಿಗಳು ಹಸಿವಿನಿಂದ ಅಳಿದುದನ್ನು ಕಂಡಿದ್ದ ಅವರಲ್ಲಿ ಹಿಂದಿನ ಶ್ರದ್ಧೆಯು ಆಗಲೇ ಸಡಿಲಿತ್ತು. ಅದೇ ಕ್ಷಾಮದಲ್ಲಿ ತಮ್ಮ ಕುಲದ ದೇವರನ್ನು ಬಿಡದೆ ನಂಬಿ ಬದುಕಿದವರೂ ಎಷ್ಟೋ ಮಂದಿ ಇದ್ದರು. ಇಲ್ಲಿ ಹೇಳುವುದು ರಮಾಬಾಯಿಯವರು ನಡೆದ ದಾರಿಯನ್ನು ಮಾತ್ರ.

ವೈದ್ಯವಿದ್ಯೆಯನ್ನು ಕಲಿಯಬೇಕೆಂದು ಅವರು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದುದರಿಂದ ಆ ಆಸೆ ಕೈಗೂಡಲಿಲ್ಲ. ಜೊತೆಯಲ್ಲಿ ಬಂದಿದ್ದ ಗೆಳತಿ ಅಲ್ಲಿಯೇ ಮೃತಳಾದಳು. ಲಂಡನ್ನಿನ ಫುಲ್ಹಂ ಎಂಬಲ್ಲಿ, ದಾರಿ ತಪ್ಪಿದವರೆಂದು ಲೋಕವು ತಳ್ಳಿದ ಹೆಂಗಸರನ್ನು ಕ್ರೈಸ್ತ ಸಂನ್ಯಾಸಿನಿಯರು ಅಕ್ಕರೆಯಿಂದ ಸಾಕುತ್ತಿದ್ದುದನ್ನು ಅವರು ಕಂಡರು. ಇದಕ್ಕೆ ಪ್ರೇರಣೆಯೇನೆಂದು ಕೇಳಿದಾಗ, ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಅವರಿಗೆ ತೋರಿಸಿದರು. ಎಲ್ಲರೂ ದೂರವಿಟ್ಟ ಸಮಾರ್ಯದ ಹೆಂಗಸೊಬ್ಬಳೊಡನೆ ಕ್ರಿಸ್ತನು ಬಾವಿಯ ಬಳಿ ಕುಳಿತು ಮಾತನಾಡಿದ ಕಥೆ ಅದು. 1883ರ ಸೆಪ್ಟೆಂಬರ್ 29ರಂದು, ವಾಂಟೇಜ್ ಎಂಬ ಊರಿನಲ್ಲಿ, ರಮಾಬಾಯಿಯವರು ದೀಕ್ಷಾಸ್ನಾನವನ್ನು ಪಡೆದರು.

ಆದರೆ ದೀಕ್ಷೆ ಪಡೆದ ದಿನವೇ ಶಾಂತಿ ದೊರೆಯಿತೆಂದು ತಿಳಿಯಬಾರದು. ಮತದ ಸಿದ್ಧಾಂತಗಳನ್ನು ಒಂದೊಂದಾಗಿ ಪ್ರಶ್ನಿಸಿ, ತಮಗೆ ಆಶ್ರಯವಿತ್ತ ಗುರುಗಳೊಡನೆಯೇ ಅವರು ವಾದಮಾಡಿದರು. ತಮ್ಮ ವಿವೇಚನೆಯನ್ನು ಯಾರ ಕೈಗೂ ಒಪ್ಪಿಸಲಿಲ್ಲ. ತಮಗೆ ಕ್ರೈಸ್ತಧರ್ಮವು ಮೊದಲು ದೊರೆಯಿತೆಂದೂ, ಕ್ರಿಸ್ತನು ದೊರೆತುದು ಸುಮಾರು ಎಂಟು ವರುಷಗಳ ಮೇಲೆಂದೂ ಅವರು ತಮ್ಮ ಆತ್ಮವೃತ್ತಾಂತದಲ್ಲಿ ತಿಳಿಸಿದ್ದಾರೆ. ಇದು ನಾವು ಗಮನಿಸಬೇಕಾದ ಭೇದ. ಬುದ್ಧಿಯು ಒಪ್ಪಿದ ಮತ ಒಂದು. ಮನಸ್ಸು ತನ್ನ ಭಾರವನ್ನಿಳಿಸಿ ಒರಗತಕ್ಕ ಆಸರೆ ಮತ್ತೊಂದು. ಮೊದಲನೆಯದು ವಾದಕ್ಕೆ ನಿಲ್ಲುತ್ತದೆ. ಕಷ್ಟಕ್ಕೆ ನಿಲ್ಲುವುದು ಎರಡನೆಯದೇ.

ಆ ಆಸರೆಯ ಪರೀಕ್ಷೆಗೆ ತಡವಾಗಲಿಲ್ಲ. ಅಮೆರಿಕದ ಸ್ನೇಹಿತರ ಧನಸಹಾಯದಿಂದ ಅವರು 1889ರ ಮಾರ್ಚಿ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರುಷ ಅದು ಪುಣೆಗೆ ಬಂದಿತು. 1893ರಲ್ಲಿ, ಹುಡುಗಿಯರನ್ನು ಮತಾಂತರಕ್ಕೆ ಸೆಳೆಯುತ್ತಾರೆಂಬ ಆಪಾದನೆ ಎದ್ದು, ಅನೇಕ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಹಿಂದೆ ಹೊಗಳಿದ್ದ ನಗರವೇ ಅವರನ್ನು ತೆಗಳಿತು. ಸದನವನ್ನು ಮುಚ್ಚಿಬಿಡುವುದು ಸುಲಭವಾಗಿದ್ದಿತು. ಅವರು ಮುಚ್ಚಲಿಲ್ಲ.

1896ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮ ಬಂದಾಗ, ಹಸಿವಿನ ರುಚಿಯನ್ನು ತಾವೇ ಕಂಡಿದ್ದ ಈ ತಾಯಿ ಅಲ್ಲಿಗೆ ಹೋಗಿ ನೂರಾರು ಅನಾಥ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಗೆ ಸಮೀಪದ ಕೇಡಗಾಂವದಲ್ಲಿ ಅವರಿಗಾಗಿ “ಮುಕ್ತಿ” ಎಂಬ ಆಶ್ರಮ ಬೆಳೆಯಿತು. 1900ರ ಗುಜರಾತಿನ ಕ್ಷಾಮವು ಮತ್ತಷ್ಟು ಮಕ್ಕಳನ್ನು ತಂದಿತು. ಆಶ್ರಮವಾಸಿಗಳ ಸಂಖ್ಯೆ ಸಾವಿರವನ್ನು ಮೀರಿತು. ಇಷ್ಟು ಬಾಯಿಗಳಿಗೆ ಗೊತ್ತಾದ ವರಮಾನವಿರಲಿಲ್ಲ. ದೇವರು ಒದಗಿಸುವನೆಂಬ ನಂಬಿಕೆಯೇ ಬಂಡವಾಳ. ಆದರೆ ಆ ನಂಬಿಕೆ ಕೈಕಟ್ಟಿ ಕುಳಿತುದಲ್ಲ. ಪ್ರಾರ್ಥನೆಯೊಡನೆ ಬಾವಿಗಳನ್ನು ತೋಡಿಸಿದರು, ಹೊಲವನ್ನು ಉಳಿಸಿದರು, ಮಗ್ಗ, ಗಾಣ, ಮುದ್ರಣಾಲಯಗಳನ್ನು ಹೂಡಿ ಹುಡುಗಿಯರ ಕೈಗೆ ಕಸುಬು ಕೊಟ್ಟರು, ಕುರುಡರಿಗೂ ಓದು ಕಲಿಸುವ ಏರ್ಪಾಡು ಮಾಡಿದರು. ಕನ್ನಡನಾಡಿನ ಗುಲ್ಬರ್ಗದಲ್ಲಿಯೂ ಈ ಸಂಸ್ಥೆಯ ವತಿಯಿಂದ ಹೆಣ್ಣುಮಕ್ಕಳ ಶಾಲೆಯೊಂದು ನಡೆಯಿತು.

ಕಡೆಯ ಪೆಟ್ಟು 1921ರ ಜುಲೈಯಲ್ಲಿ ಬಿದ್ದಿತು. ತಾಯಿಯ ಬಲಗೈಯಾಗಿ, ಮುಂದೆ ಆಶ್ರಮದ ಹೊಣೆ ಹೊರಬೇಕಾಗಿದ್ದ ಮನೋರಮೆ ನಾಲ್ವತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ರಮಾಬಾಯಿಯವರಿಗೆ ಆಗ ಅರುವತ್ತಮೂರು ವರುಷ, ದೇಹ ಜರ್ಝರಿತವಾಗಿದ್ದಿತು. ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ಸತ್ಯವೇದವನ್ನು ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಗೆ ತರುವ ಕೆಲಸದಲ್ಲಿ ಅವರು ಬಹುಕಾಲದಿಂದ ತೊಡಗಿದ್ದರು. ಮಗಳ ಮರಣದ ಬಳಿಕವೂ ಆ ಕೆಲಸವನ್ನು ಕೈಬಿಡದೆ ಮುಗಿಸಿ, 1922ರ ಏಪ್ರಿಲ್ 5ರಂದು ಅವರು ಕಣ್ಮುಚ್ಚಿದರು.

ಇಲ್ಲಿಗೆ ನಮ್ಮ ಪ್ರಶ್ನೆಗೆ ಬರೋಣ. ರಮಾಬಾಯಿಯವರ ನಂಬಿಕೆ ಅವರ ಮೇಲೆ ಬರತಕ್ಕ ದುಃಖವನ್ನು ತಡೆಯಲಿಲ್ಲ. ಕ್ರೈಸ್ತಧರ್ಮವು ಅಂತಹ ಭರವಸೆಯನ್ನೂ ಕೊಡುವುದಿಲ್ಲ. ಅದರ ನಡುವೆ ನಿಂತಿರುವುದು ಶಿಲುಬೆ. ಗೆತ್ಸೆಮನೆಯ ತೋಟದಲ್ಲಿ ಕಷ್ಟವು ತಪ್ಪಲೆಂದು ಬೇಡಿಯೂ, ತಪ್ಪದಾಗ ತಂದೆಯ ಚಿತ್ತಕ್ಕೆ ತಲೆಬಾಗಿ ಮುನ್ನಡೆದವನ ಶಿಲುಬೆ. ತಾನು ನಂಬಿದವನೂ ಈ ದಾರಿಯಲ್ಲಿ ನಡೆದಿದ್ದಾನೆ, ಈಗ ತನ್ನ ಜೊತೆಗಿದ್ದಾನೆ ಎಂಬ ಭಾವನೆಯಿಂದ ದುಃಖಿಯು ಒಂಟಿಯಾಗಿ ಉಳಿಯುವುದಿಲ್ಲ. ಒಂಟಿತನವು ಕಳೆದರೆ ಅರ್ಧ ಭಾರವಿಳಿದಂತೆ. ಉಳಿದರ್ಧವನ್ನು ರಮಾಬಾಯಿಯವರು ಇಳಿಸಿಕೊಂಡುದು ಇತರರ ಭಾರಕ್ಕೆ ಹೆಗಲು ಕೊಟ್ಟು. ಹಸಿವು ಅವರನ್ನು ಹಸಿದವರ ಬಳಿಗೆ ಕೊಂಡೊಯ್ದಿತು. ವೈಧವ್ಯವು ವಿಧವೆಯರ ಬಳಿಗೆ. ತಮ್ಮ ಗಾಯಗಳನ್ನು ಅವರು ಮರೆಯಲಿಲ್ಲ. ಅವುಗಳಿಂದಲೇ ಪರರ ನೋವಿನ ಗುರುತು ಹಿಡಿದರು.

ಯಾವ ಮತದವರಾದರೂ ಕಷ್ಟಕಾಲದಲ್ಲಿ ತಮ್ಮ ನಂಬಿಕೆಯನ್ನು ಪರೀಕ್ಷಿಸಿಕೊಳ್ಳಲು ಇದೊಂದು ಒಳ್ಳೆಯ ಒರೆಗಲ್ಲು. ಅದು ನನ್ನ ಕಣ್ಣೀರನ್ನು ಒರಸಿತೆ ಎಂದು ಕೇಳಿಕೊಳ್ಳುವುದು ಸಹಜ. ಒರಸಿಕೊಂಡ ಕಣ್ಣಿಗೆ ನೆರೆಯವರ ಕಣ್ಣೀರು ಕಾಣಿಸಿತೆ ಎಂದೂ ಕೇಳಿಕೊಳ್ಳಬೇಕು. ಕೇಡಗಾಂವದ ಆಶ್ರಮವು ಇಂದಿಗೂ ನಡೆಯುತ್ತಿದೆ.